ಊರಲ್ಲಿ ಚಿತ್ರ ಕೊಳ್ಳುವ ಸಂಘ ಕಟ್ಟೋದು ಹೇಗೆ?

ಕಾಸರಗೋಡಿನಲ್ಲಿ ಯಕ್ಷಗಾನ ಸಂಘ ಕಟ್ಟಲು ಯಾರೂ ಹೇಳಿಕೊಡಬೇಕಿಲ್ಲ, ಆದರೆ ಆಧುನಿಕ ಚಿತ್ರಗಳನ್ನು ಕೊಂಡು ಊರಿಗೆ ಉಳಿಸುವ ಸಂಘ ಅಂದ್ರೆ ಎಲ್ಲಿಂದ ಶುರು ಮಾಡೋದು ಅಂತ ತೋಚಲ್ಲ, ಅಲ್ವಾ? ಲಂಡನ್ನಿನ ಕಾಂಟೆಂಪರರಿ ಆರ್ಟ್ ಸೊಸೈಟಿ ನೋಡಿ. 1910ರಲ್ಲಿ ಹುಟ್ಟಿತು. ಸದಸ್ಯರ ಚಂದಾದಲ್ಲಿ ಹೊಸ ಚಿತ್ರ ಕೊಂಡು ಮ್ಯೂಸಿಯಂಗಳಿಗೆ ಕೊಡೋದೇ ಕೆಲಸ. ಅಗಸ್ಟಸ್ ಜಾನ್ ಬಿಡಿಸಿದ ನಗುವ ಹೆಂಗಸಿನ ಚಿತ್ರ 1917ರಲ್ಲಿ ಟೇಟ್ ಗ್ಯಾಲರಿ ಸೇರಿದ್ದು ಹೀಗೇ. ಕೊಳ್ಳುವ ಜವಾಬ್ದಾರಿಯನ್ನು ಸರದಿಯಂತೆ ಒಬ್ಬೊಬ್ಬರಿಗೇ ಒಪ್ಪಿಸುತ್ತಿದ್ದರು. ನೀವೂ ಹಾಗೇ ಮಾಡಿ. ಹತ್ತು ಜನ ಒಪ್ಪುವ ಚಿತ್ರ ಹೆಚ್ಚಾಗಿ ಸಪ್ಪೆಯೇ.

ಕೊಳ್ಳುವ ಮೊದಲೇ ತೂಗುಹಾಕಲು ಲೈಬ್ರರಿಯನ್ನೋ ಶಾಲೆಯನ್ನೋ ಒಪ್ಪಿಸಿ. ಚೌಕಟ್ಟಿನ ಹಿಂದೆ ಕಲಾವಿದರ ಹೆಸರು, ವರ್ಷ, ಕೊಟ್ಟ ಬೆಲೆ ಪೆನ್ಸಿಲಿನಲ್ಲಿ ಬರೆಯಿರಿ. ನಮ್ಮ ಮಳೆಗಾಲದಲ್ಲಿ ಗೋಡೆಗೆ ಒತ್ತಿ ತೂಗಿದರೆ ಬೂಷ್ಟು ಗ್ಯಾರಂಟಿ, ಹಾಗಾಗಿ ಕೆಳಗಿನ ಎರಡು ಮೂಲೆಗೆ ಬಿರಡೆಯ ಚೂರು ಅಂಟಿಸಿ, ಹಿಂದೆ ಗಾಳಿಯಾಡಲಿ.