ಅಮೆರಿಕದಲ್ಲಿ ಬಾಡಿಗೆ ಮನೆ ಹಿಡಿದವರು ವಿಮಾ ಪತ್ರದಲ್ಲಿ ನೋಡಬೇಕಾದದ್ದು

ಅಪಾರ್ಟ್‌ಮೆಂಟಿನ ಕರಾರಿಗೆ ಸಹಿ ಹಾಕುವಾಗ ಬಾಡಿಗೆದಾರರ ವಿಮೆ ಕೇಳುತ್ತಾರೆ. ಹೊಸದಾಗಿ ಬಂದಾಗ ನಾನು ಎಲ್ಲಕ್ಕಿಂತ ಅಗ್ಗದ ಪಾಲಿಸಿಯನ್ನು ಕೊಂಡು ಸುಮ್ಮನಾಗಿದ್ದೆ. ಮೂರನೆಯ ತಿಂಗಳು ಮೇಲಿನ ಮನೆಯ ಕೊಳವೆ ಒಡೆದು ನಮ್ಮ ಹಾಸಿಗೆ, ಲ್ಯಾಪ್‌ಟಾಪ್, ಪುಸ್ತಕಗಳೆಲ್ಲ ನೆನೆದುಹೋದವು. ಮಾಲೀಕರ ವಿಮೆಯಿಂದ ಗೋಡೆ, ಚಾವಣಿ ದುರಸ್ತಿಯಾದವು. ನಮ್ಮ ಸಾಮಾನು ಅವರ ವಿಮೆಗೆ ಸೇರಿದ್ದಲ್ಲ. ಅದಕ್ಕೆ ನಮ್ಮ ಪಾಲಿಸಿಯೇ ಗತಿ.

ಪರಿಹಾರವೇನೋ ಬಂತು, ತೀರಾ ಕಡಿಮೆ. ನಮ್ಮದು ‘ಆಕ್ಚುಯಲ್ ಕ್ಯಾಶ್ ವ್ಯಾಲ್ಯೂ’ ಪಾಲಿಸಿ. ಎಂದರೆ ಸವಕಳಿ ಕಳೆದು ಹಳೆಯ ವಸ್ತುವಿನ ಬೆಲೆಯನ್ನಷ್ಟೇ ಕೊಡುತ್ತಾರೆ. ನಾಲ್ಕು ವರ್ಷ ಬಳಸಿದ ಲ್ಯಾಪ್‌ಟಾಪಿಗೆ 300 ಡಾಲರ್ ಬೆಲೆ ಕಟ್ಟಿದರು ಎನ್ನೋಣ. ಅದೊಂದೇ ಹಾಳಾಗಿ, ನೀವೇ ಭರಿಸಬೇಕಾದ ಡಿಡಕ್ಟಿಬಲ್ 500 ಡಾಲರ್ ಇದ್ದರೆ ಕೈಗೆ ಬಿಡಿಗಾಸೂ ಬರುವುದಿಲ್ಲ. ‘ರಿಪ್ಲೇಸ್‌ಮೆಂಟ್ ಕಾಸ್ಟ್’ ಪಾಲಿಸಿಯಲ್ಲಿ ಅಂಥದ್ದೇ ಹೊಸ ವಸ್ತುವಿನ ಬೆಲೆ ಲೆಕ್ಕಕ್ಕೆ ಬರುತ್ತದೆ. ಪ್ರೀಮಿಯಂ ತುಸು ಹೆಚ್ಚಾದರೂ ಇದನ್ನೇ ಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಒಡವೆಯ ವಿಷಯದಲ್ಲಿ ನಮ್ಮವರು ಹೆಚ್ಚು ಮೋಸಹೋಗುತ್ತಾರೆ. ಸಾಮಾನಿಗೆ 30,000 ಡಾಲರ್ ವಿಮೆ ಇದೆ ಎಂದು ನೆಮ್ಮದಿಯಾಗಿರುತ್ತಾರೆ. ಆದರೆ ಕಳುವಾದ ಆಭರಣಕ್ಕೆ ಪ್ರತ್ಯೇಕ ಮಿತಿ ಇರುತ್ತದೆ, ಅನೇಕ ಪಾಲಿಸಿಗಳಲ್ಲಿ ಅದು ಒಟ್ಟು 1,500 ಡಾಲರ್ ಮಾತ್ರ. ತಾಳಿ, ಬಳೆಗಳ ಬೆಲೆ ಅದನ್ನು ಮೀರುವುದಾದರೆ ಮೌಲ್ಯಮಾಪನದ ಪತ್ರ ಕೊಟ್ಟು ಅವುಗಳನ್ನು ಬೇರೆಯಾಗಿ ಪಾಲಿಸಿಗೆ ಸೇರಿಸಬೇಕು.

ನಿಮ್ಮ ಒಲೆಯ ಬೆಂಕಿ ಪಕ್ಕದ ಮನೆಗೆ ಹಬ್ಬಿದರೆ ಆ ಹೊಣೆಯನ್ನು ಲಯಬಿಲಿಟಿ ಭಾಗ ಹೊರುತ್ತದೆ. ಮನೆ ವಾಸಕ್ಕೆ ಯೋಗ್ಯವಲ್ಲದಂತಾದರೆ ಹೋಟೆಲಿನ ಹೆಚ್ಚುವರಿ ಖರ್ಚೂ ಸಿಗಬಹುದು. ಕೋಣೆ ಹಂಚಿಕೊಂಡ ಗೆಳೆಯರ ಸಾಮಾನು ಸಾಮಾನ್ಯವಾಗಿ ನಿಮ್ಮ ಪಾಲಿಸಿಗೆ ಸೇರುವುದಿಲ್ಲ. ಅವರು ತಮ್ಮದೇ ವಿಮೆ ಮಾಡಿಸಲಿ.

ಮನೆ ಕೊಂಡವರು ವಿಮೆಯ ಮೊತ್ತವನ್ನು ಮಾರುಕಟ್ಟೆ ಬೆಲೆಗೆ ಹೊಂದಿಸಬಾರದು. ಆ ಬೆಲೆಯಲ್ಲಿ ನೆಲದ ಬೆಲೆಯೂ ಇದೆ, ಆದರೆ ಸುಟ್ಟುಹೋಗುವುದು ಕಟ್ಟಡ. ಅದನ್ನು ಮತ್ತೆ ಕಟ್ಟಲು ಎಷ್ಟು ಬೇಕೆಂದು ಕೇಳಿ.

ಕೊಳವೆ ಒಡೆದು ಬಂದ ನೀರು ಬೇರೆ, ಹೊರಗಿನಿಂದ ನುಗ್ಗಿದ ಪ್ರವಾಹ ಬೇರೆ. ಪ್ರವಾಹ, ಭೂಕಂಪಗಳು ಸಾಧಾರಣ ಪಾಲಿಸಿಯಲ್ಲಿ ಇರುವುದಿಲ್ಲ. 1968ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆಯಲ್ಲಿ ಬಾಡಿಗೆದಾರರೂ ತಮ್ಮ ಸಾಮಾನಿಗೆ 1,00,000 ಡಾಲರ್‌ವರೆಗೆ ವಿಮೆ ಪಡೆಯಬಹುದು. ಅದು ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಹಿಡಿಯುತ್ತದೆ. ಚಂಡಮಾರುತದ ಸುದ್ದಿ ಕೇಳಿದ ಮೇಲೆ ಕೊಂಡರೆ ಆ ಮಳೆಗೆ ಒದಗುವುದಿಲ್ಲ.