ಎನ್‌ಎಫ್‌ಎಲ್ ಆಟ ಮುಗಿದ ಮೇಲೆ ಕಾಲೇಜು ಕೋಚ್ ಆಗುವುದು ಹೇಗೆ?

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಡಿ ಬಂದಿದ್ದೀರಿ, ಈಗ ಕಾಲೇಜು ಹುಡುಗರಿಗೆ ಅದೇ ಆಟ ಕಲಿಸುವ ಆಸೆ. ಮೊದಲು ಡಿಗ್ರಿ ಮುಗಿಸಿಕೊಳ್ಳಿ. ಓದು ಅರ್ಧಕ್ಕೆ ಬಿಟ್ಟು ಡ್ರಾಫ್ಟ್‌ಗೆ (ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಹೋದವರು ಹಲವರಿದ್ದಾರೆ, ಆದರೆ ಕೋಚ್ ಕೆಲಸಕ್ಕೆ ಕಾಲೇಜುಗಳು ಸಾಮಾನ್ಯವಾಗಿ ಪದವಿ ಕೇಳುತ್ತವೆ. ಎನ್‌ಎಫ್‌ಎಲ್‌ನ ದೊಡ್ಡ ತಾರೆ ಡಿಯಾನ್ ಸ್ಯಾಂಡರ್ಸ್ ಅವರಂಥವರೇ 2020ರಲ್ಲಿ ಪದವಿ ಪಡೆದು, ಅದೇ ವರ್ಷ ಜಾಕ್ಸನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೆಡ್ ಕೋಚ್ ಆದರು.

ಎಲ್ಲರಿಗೂ ಹಾಗೆ ನೇರವಾಗಿ ದೊಡ್ಡ ಕುರ್ಚಿ ಸಿಗುವುದಿಲ್ಲ. ಸಣ್ಣ ಕೆಲಸ ಬಂದರೆ ಬಿಡಬೇಡಿ. ಜಿಮ್ ಹಾರ್ಬಾ ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ಮುನ್ನಡೆಸಿ ಚೆಂಡು ಎಸೆಯುವ ಆಟಗಾರ) ಆಗಿದ್ದಾಗಲೇ, ತಂದೆ ಕೋಚ್ ಆಗಿದ್ದ ವೆಸ್ಟರ್ನ್ ಕೆಂಟಕಿ ವಿಶ್ವವಿದ್ಯಾಲಯಕ್ಕೆ ಸಂಬಳವಿಲ್ಲದ ಸಹಾಯಕರಾಗಿ ದುಡಿದರು, ಹೊಸ ಹುಡುಗರನ್ನು ಹುಡುಕಿಕೊಂಡು ಊರೂರು ಸುತ್ತಿದರು. ಮುಂದೆ ಸ್ಯಾನ್ ಡಿಯಾಗೊ, ಸ್ಟ್ಯಾನ್‌ಫರ್ಡ್, ಮಿಷಿಗನ್ ವಿಶ್ವವಿದ್ಯಾಲಯಗಳಿಗೆ ಹೆಡ್ ಕೋಚ್ ಆದರು. 2023ರ ಸೀಸನ್‌ನಲ್ಲಿ ಮಿಷಿಗನ್ ರಾಷ್ಟ್ರೀಯ ಚಾಂಪಿಯನ್ ಆಯಿತು.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯ ನಿಯಮಗಳನ್ನು ಕೂತು ಓದಿ. ತಂಡಕ್ಕೆ ಸೇರಿಸಿಕೊಳ್ಳಲು ನೋಡುತ್ತಿರುವ ಹುಡುಗರನ್ನು ಯಾವಾಗ ಭೇಟಿಯಾಗಬಹುದು, ಯಾವಾಗ ಆಗಬಾರದು ಅನ್ನುವುದಕ್ಕೂ ಕ್ಯಾಲೆಂಡರ್ ಇದೆ. ಸೀಸನ್‌ನಲ್ಲಿ ಹುಡುಗರಿಂದ ಆಟದ ಕೆಲಸ ಮಾಡಿಸಲು ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮಾತ್ರ, ವಾರಕ್ಕೊಂದು ರಜೆ. ಆಟದ ವಿಡಿಯೋ (ಫಿಲ್ಮ್) ನೋಡುವ ಹೊತ್ತೂ ಆ ಲೆಕ್ಕದಲ್ಲೇ ಬರುತ್ತದೆ. ನಿಮಗೆ ಗೊತ್ತಿರುವ ಪ್ಲೇಗಳನ್ನೆಲ್ಲ (ಆಟದ ಯೋಜನೆಗಳನ್ನೆಲ್ಲ) ಹುಡುಗರ ತಲೆಗೆ ತುಂಬಲು ಹೋಗಬೇಡಿ, ಕೆಲವನ್ನೇ ಆರಿಸಿ ಚೆನ್ನಾಗಿ ಕಲಿಸಿ.

ನಿಜವಾದ ಕಷ್ಟ ಇರುವುದು ಕಲಿಸುವುದರಲ್ಲೇ. ನಿಮ್ಮ ಕಾಲಿಗೆ ಗೊತ್ತಿರುವುದು ನಿಮ್ಮ ಬಾಯಿಗೆ ಗೊತ್ತಿರುವುದಿಲ್ಲ. ಕಾರ್ನರ್‌ಬ್ಯಾಕ್ (ಎದುರಾಳಿಯ ರಿಸೀವರ್‌ಗೆ, ಅಂದರೆ ಪಾಸ್ ಹಿಡಿಯುವವನಿಗೆ, ಕಾವಲಿರುವವನು) ಆಗಿ ಆಡುವ 18ರ ಹುಡುಗ ಹಿಂದಕ್ಕೆ ಓಡುತ್ತಾ ತಡವಾಗಿ ತಿರುಗುತ್ತಾನೆ ಅಂದುಕೊಳ್ಳಿ. 'ಬೇಗ ತಿರುಗು' ಅಂತ ಸುಮ್ನೆ ಕೂಗಿದರೆ ಏನು ಬಂತು? ಅವನೂ ಬೇಗ ತಿರುಗಲೇ ನೋಡುತ್ತಿದ್ದಾನೆ ಅಲ್ವಾ? ಅವನ ಹಿಮ್ಮಡಿ ನೋಡಿ, ನೆಲಕ್ಕೆ ಅಂಟಿಕೊಂಡಿರುತ್ತದೆ. ಭಾರ ಪಾದದ ಮುಂಭಾಗಕ್ಕೆ ಬರಲಿ, ಸೊಂಟ ತಗ್ಗಲಿ, ಕಣ್ಣು ರಿಸೀವರ್‌ನ ಸೊಂಟದ ಮೇಲಿರಲಿ ಅಂತ ಹೇಳಿ, ಯಾಕೆ ಅನ್ನುವುದನ್ನೂ ಹೇಳಿ: ತಲೆ, ಭುಜ ಆಡಿಸಿ ರಿಸೀವರ್ ಮೋಸ ಮಾಡಬಹುದು, ಸೊಂಟ ಹೋದ ಕಡೆಗೇ ಅವನು ಹೋಗಬೇಕು. ನಿಧಾನವಾಗಿ ನಡೆಸಿ, ಆಮೇಲೆ ಓಡಿಸಿ.

ನಂತರ ಅದನ್ನೇ ನಿಮಗೆ ವಿವರಿಸಲು ಹುಡುಗನಿಗೆ ಹೇಳಿ. ಅವನು ಎಲ್ಲಿ ತಡವರಿಸುತ್ತಾನೋ, ಮರುದಿನದ ಪ್ರಾಕ್ಟೀಸನ್ನು ಅಲ್ಲಿಂದಲೇ ಶುರು ಮಾಡಿ.