ಕಿತ್ತಳೆ ಸಿಪ್ಪೆ ಬಿಸಾಡುವ ಮುಂಚೆ

ಕಿತ್ತಳೆ ತಿಂದು ಸಿಪ್ಪೆಯನ್ನು ಹಾಗೇ ಕಸದ ಬುಟ್ಟಿಗೆ ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಮ್ಮೆ ಆ ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಚುಕ್ಕಿಗಳು ಕಾಣುತ್ತವೆ, ಅಲ್ವಾ? ಎಣ್ಣೆ ಇರುವುದು ಅವುಗಳಲ್ಲೇ. ಚಿಕ್ಕವರಿದ್ದಾಗ ದೀಪದ ಮುಂದೆ ಸಿಪ್ಪೆ ಮಡಚಿ ಹಿಂಡುತ್ತಿದ್ದೆವು, ಚಟಪಟ ಅಂತ ಕಿಡಿ ಹಾರುತ್ತಿತ್ತು. ಆ ಎಣ್ಣೆಯಲ್ಲಿ 100ಕ್ಕೆ ಸುಮಾರು 90 ಪಾಲು ಲಿಮೊನೀನ್ ಅನ್ನುವ ಘಮದ ರಾಸಾಯನಿಕ. ಅದು ಬೇಗ ಹತ್ತಿಕೊಳ್ಳುತ್ತದೆ, ಅದಕ್ಕೇ ಆ ಕಿಡಿ. ಒಲೆ ಹತ್ತಿರ ಸಿಪ್ಪೆ ಹಿಂಡಲು ಮಕ್ಕಳನ್ನು ಬಿಡಬೇಡಿ.

ಬರೀ ಎಣ್ಣೆಯನ್ನೇ ಬೇರ್ಪಡಿಸಿ ಬಾಟಲಿಗೆ ತುಂಬಿಸಿಕೊಳ್ಳುವ ಆಸೆ ಬೇಡ. ಕಾರ್ಖಾನೆಯವರು ಯಂತ್ರದಲ್ಲಿ ಸಿಪ್ಪೆ ಒತ್ತಿ ತೆಗೆಯುತ್ತಾರೆ. ಮನೆಯಲ್ಲಿ ಕಿಲೋ ಸಿಪ್ಪೆ ಬೇಯಿಸಿ ಹಬೆ ಹಿಡಿದರೂ ಕೆಲವೇ ಗ್ರಾಂ ಸಿಕ್ಕೀತು. ಅದರ ಬದಲು ಮೈಗೆ ಹಚ್ಚಿಕೊಳ್ಳಲು ಘಮವನ್ನು ಕೊಬ್ಬರಿ ಎಣ್ಣೆಗೆ ಇಳಿಸಿಕೊಳ್ಳಿ. ಹಣ್ಣನ್ನು ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ, ಅಂಗಡಿ ಹಣ್ಣಿಗೆ ಎಷ್ಟೋ ಸಲ ಮೇಣ ಬಳಿದಿರುತ್ತಾರೆ. ಬಿಳಿ ಭಾಗ ತಾಗದಂತೆ ಮೇಲಿನ ಬಣ್ಣದ ಪದರವನ್ನಷ್ಟೇ ತೆಳ್ಳಗೆ ಹೆರೆದು, ನೆರಳಲ್ಲಿ ಗರಿಗರಿಯಾಗುವ ತನಕ ಒಣಗಿಸಿ. ಒಂದು ಹಿಡಿ ಸಿಪ್ಪೆಗೆ ಒಂದು ಲೋಟ ಎಣ್ಣೆ. ಗಾಜಿನ ಶೀಸೆಯಲ್ಲಿ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು, ನೀರು ಕುದಿಯದಂತೆ ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಡಿ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಒಂದು ಸಲ ಅವಸರಪಟ್ಟು ಹಸಿ ಸಿಪ್ಪೆ ಹಾಕಿಬಿಟ್ಟೆ. ವಾರದೊಳಗೆ ಮೇಲೆ ಬೂಷ್ಟು ಕಟ್ಟಿತು, ಅಷ್ಟೂ ಎಣ್ಣೆ ಚೆಲ್ಲಬೇಕಾಯಿತು. ತೇವ ಒಂದು ಚೂರೂ ಇರಬಾರದು.

ನಿಂಬೆ ಸಿಪ್ಪೆಯ ವಿಷಯದಲ್ಲಿ ಮಾತ್ರ ಹುಷಾರು. ಅದರ ರಸ, ಎಣ್ಣೆ ಮೈಗೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು. ಕಿತ್ತಳೆ ಎಣ್ಣೆಯನ್ನೂ ಮೊದಲು ಮೊಣಕೈ ಒಳಗೆ ಒಂದು ಹನಿ ಹಚ್ಚಿ, ಒಂದು ದಿನ ಕಾದು ನೋಡಿ.

ಇನ್ನು ಆಂಟಿಆಕ್ಸಿಡೆಂಟ್, ಅಂದರೆ ಜೀವಕೋಶಗಳು ಹಾಳಾಗದಂತೆ ತಡೆಯಲು ನೆರವಾಗುವ ಅಂಶಗಳು. ಎಲ್ಲರೂ ವಿಟಮಿನ್ ಸಿ ಅಂತಾರೆ, ಆದರೆ ಅದು ಒಣಗಿಸಿದರೂ ಕುದಿಸಿದರೂ ಕಡಿಮೆಯಾಗುತ್ತದೆ. ಸಿಪ್ಪೆಯಲ್ಲಿ ಹೆಸ್ಪೆರಿಡಿನ್ ಅಂತ ಇನ್ನೊಂದಿದೆ, ಬಿಳಿ ಭಾಗದಲ್ಲಿ ಜಾಸ್ತಿ, ಬಿಸಿಗೂ ಅಷ್ಟು ಸುಲಭಕ್ಕೆ ಹಾಳಾಗುವುದಿಲ್ಲ. ನೀರಿನಲ್ಲಿ ಅದು ಸರಿಯಾಗಿ ಕರಗುವುದೂ ಇಲ್ಲ. ಹಾಗಾಗಿ ಸುಮ್ನೆ ಸಿಪ್ಪೆ ಕುದಿಸಿ, ನೀರು ಕುಡಿದು ಸಿಪ್ಪೆ ಎಸೆದರೆ ಬಹುಪಾಲು ಎಸೆದ ಹಾಗೇ. ಸಿಪ್ಪೆಯನ್ನೇ ತಿನ್ನಬೇಕು, ಅದಕ್ಕೆ ನಮ್ಮ ಗೊಜ್ಜಿಗಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ. ಸಿಪ್ಪೆಯನ್ನು ಬಿಳಿ ಭಾಗದ ಸಮೇತ ಸಣ್ಣಗೆ ಹೆಚ್ಚಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಯಲ್ಲಿ ಬಾಡುವ ತನಕ ಹುರಿಯಿರಿ. ಹುಣಸೆರಸ, ಉಪ್ಪು, ಸಾರಿನ ಪುಡಿ, ಕೈ ಬಿಗಿ ಹಿಡಿಯದೆ ಬೆಲ್ಲ. ಎಣ್ಣೆ ಬಿಡುವ ತನಕ ಕುದಿಸಿ. ಮೊದಲ ದಿನ ಸ್ವಲ್ಪ ಕಹಿ ಅನ್ನಿಸುತ್ತದೆ, ಮಾರನೇ ದಿನಕ್ಕೆ ಹುಳಿ, ಸಿಹಿ ಎಲ್ಲ ಒಳಗಿಳಿದು ಹದವಾಗುತ್ತದೆ.